ಮಳೆಗೂ ಹೊರಡುವ ರೀಲ್ ಕ್ಯಾಮೆರಾ: ಅದರ ತಲೆಯೊಳಗೆ ಏನು ನಡೆಯುತ್ತದೆ?

ಜೋಗದ ಎದುರು ಚಿಕ್ಕಮ್ಮನನ್ನು ನಿಲ್ಲಿಸಿ ಒಂದು ಫೋಟೋ ತೆಗೆದಿದ್ದೆ. ಜುಲೈ ತಿಂಗಳು. ಕೊಡೆ ಹಿಡಿದರೂ ಮೊಣಕೈ ನೆನೆಯುವಂಥ ಮಳೆ. ಹದಿನೈದು ದಿನ ಬಿಟ್ಟು ರೀಲು ತೊಳೆಸಿದಾಗ ಚಿತ್ರದಲ್ಲಿ ಚಿಕ್ಕಮ್ಮ ಇದ್ದರು, ಕೊಡೆ ಇತ್ತು. ಜೋಗ ಇರಲಿಲ್ಲ. ಅದರ ಜಾಗದಲ್ಲಿ ಗೋಲಿ ಗಾತ್ರದ, ನಿಂಬೆಹಣ್ಣಿನ ಗಾತ್ರದ ಬಿಳಿ ಉಂಡೆಗಳು ತೇಲುತ್ತಿದ್ದವು. ಲೆನ್ಸಿಗೆ ಬೂಷ್ಟು ಹಿಡಿದಿರಬೇಕು ಅಂದುಕೊಂಡೆ. ಲ್ಯಾಬಿನವರು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಕ್ಯಾಮೆರಾಕ್ಕೆ ಏನೂ ಆಗಿಲ್ಲ ಸಾರ್, ಮಳೆಗೆ ಫ್ಲ್ಯಾಶ್ ಹೊಡೆದಿದ್ದೀರಿ" ಅಂದರು.

ನಾನು ಹೊಡೆದಿರಲಿಲ್ಲ. ಕ್ಯಾಮೆರಾ ತಾನಾಗಿಯೇ ಹೊಡೆದಿತ್ತು.

ಜೇಬಿನಲ್ಲಿ ಹಿಡಿಯುವ, ಮಳೆ ಹನಿಗೆ ಹೆದರದ ಹಳೆಯ ರೀಲ್ ಕ್ಯಾಮೆರಾಗಳ ಗುಣವೇ ಇದು. ಅವು ನಿಮ್ಮನ್ನು ಏನೂ ಕೇಳುವುದಿಲ್ಲ. ಎಷ್ಟು ಬೆಳಕು ಬಿಡಬೇಕು, ಯಾವುದರ ಮೇಲೆ ಫೋಕಸ್ ಮಾಡಬೇಕು, ಫ್ಲ್ಯಾಶ್ ಬೇಕೋ ಬೇಡವೋ ಎಲ್ಲವನ್ನೂ ತಾವೇ ತೀರ್ಮಾನಿಸುತ್ತವೆ. ಮೊಬೈಲ್ ಕೂಡ ಹಾಗೇ ಅಲ್ವಾ ಅನ್ನಬಹುದು. ಆದರೆ ಮೊಬೈಲು ತನ್ನ ತೀರ್ಮಾನವನ್ನು ಆ ಕ್ಷಣವೇ ಪರದೆಯ ಮೇಲೆ ತೋರಿಸುತ್ತದೆ. ಇದು ಹದಿನೈದು ದಿನ ಬಿಟ್ಟು ತೋರಿಸುತ್ತದೆ, ಅದೂ ದುಡ್ಡು ತೆಗೆದುಕೊಂಡು. ಹಾಗಾಗಿ ಬಟನ್ ಒತ್ತುವ ಮೊದಲೇ ಅದು ಏನು ಯೋಚಿಸುತ್ತಿದೆ ಎಂದು ಊಹಿಸುವುದನ್ನು ಕಲಿಯಬೇಕು. ಕಷ್ಟವೇನಲ್ಲ. ಅದರ ತಲೆ ತುಂಬಾ ಚಿಕ್ಕದು.

ಉದಾಹರಣೆಗೆ ನನ್ನ ಹತ್ತಿರ ಇರುವ ಒಲಿಂಪಸ್ ಮ್ಯೂ-2 ಅನ್ನೇ ತೆಗೆದುಕೊಳ್ಳುತ್ತೇನೆ. 1997ರಲ್ಲಿ ಬಂದದ್ದು. ಅಮೆರಿಕದಲ್ಲಿ ಇದೇ ಕ್ಯಾಮೆರಾವನ್ನು ಸ್ಟೈಲಸ್ ಎಪಿಕ್ ಎಂಬ ಹೆಸರಿನಲ್ಲಿ ಮಾರಿದರು. ತೂಕ ಬ್ಯಾಟರಿ ಬಿಟ್ಟು 135 ಗ್ರಾಂ, ಅಂದರೆ ಒಂದು ಮೈಸೋಪಿನಷ್ಟು. ಆಕಾರವೂ ಬಳಸಿ ಬಳಸಿ ಸವೆದ ಸೋಪಿನದ್ದೇ. ಮುಂದೆ ಒಂದು ಜಾರುವ ಮುಚ್ಚಳ. ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಲೆನ್ಸ್ ಮುಂದೆ ಬಂದು ಕ್ಯಾಮೆರಾ ಆನ್ ಆಗುತ್ತದೆ, ಮುಚ್ಚಿದರೆ ಆಫ್. ಈ ಜಾರುವ ಮುಚ್ಚಳಕ್ಕೆ ಒಂದು ಹಿನ್ನೆಲೆ ಇದೆ. ಒಲಿಂಪಸ್‌ನ ಯೋಶಿಹಿಸಾ ಮೈತಾನಿ 1979ರಲ್ಲಿ ಎಕ್ಸ್‌ಎ ಎಂಬ ಪುಟ್ಟ ಕ್ಯಾಮೆರಾ ಮಾಡಿದಾಗ, ಲೆನ್ಸ್ ಕ್ಯಾಪೂ ಬೇಡ, ಚರ್ಮದ ಕೇಸೂ ಬೇಡ, ಕ್ಯಾಮೆರಾ ನೇರ ಜೇಬಿಗೆ ಹೋಗಬೇಕು ಎಂದು ಈ ಮುಚ್ಚಳ ಇಟ್ಟರು. 1991ರ ಮೊದಲ ಮ್ಯೂಗೂ ಆಮೇಲಿನ ಮ್ಯೂ-2ಗೂ ಬಂದದ್ದು ಅದೇ ಯೋಚನೆ. ಕೇಸಿನಲ್ಲಿ, ಕೇಸು ಬ್ಯಾಗಿನಲ್ಲಿ, ಬ್ಯಾಗು ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಇದ್ದರೆ ಯಾವ ಕ್ಯಾಮೆರಾ ಇದ್ದೂ ಏನು ಪ್ರಯೋಜನ?

ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ

ಮೊದಲು ನೀರಿನ ವಿಷಯ ಮುಗಿಸೋಣ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ.

ಮಳೆ ತಡೆಯುವ ಕ್ಯಾಮೆರಾ ಬೇರೆ, ನೀರಿಗಿಳಿಯುವ ಕ್ಯಾಮೆರಾ ಬೇರೆ. ಮೊಬೈಲ್ ಡಬ್ಬದ ಮೇಲೆ ಐಪಿ68 ಎಂದು ಬರೆದಿರುವುದನ್ನು ನೋಡಿರುತ್ತೀರಿ. ಅದರಲ್ಲಿ ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. ನೀರಿನ ಅಂಕಿ 4 ಆದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ ಎಂದರ್ಥ. 7 ಆದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿಡಬಹುದು. ಕೇಳಲು ಎರಡೂ ಒಂದೇ ಥರ. ಒಳಗಿನ ಕೆಲಸ ಮಾತ್ರ ಪೂರ್ತಿ ಬೇರೆ. ಎರಚಿದ ಹನಿ ಮೇಲಿಂದ ಜಾರಿ ಹೋಗುತ್ತದೆ, ಅದರ ಹಿಂದೆ ಒತ್ತಡವಿಲ್ಲ. ಮುಳುಗಿಸಿದಾಗ ಸುತ್ತಲಿನ ನೀರು ಪ್ರತಿ ಸಂದಿಯಿಂದಲೂ ಒಳಗೆ ನುಗ್ಗಲು ಒತ್ತುತ್ತಲೇ ಇರುತ್ತದೆ. ಹತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡ ಮೇಲಿದ್ದದ್ದರ ಎರಡರಷ್ಟಾಗುತ್ತದೆ.

ಮ್ಯೂ-2 ಎರಚಿದ ಹನಿ ತಡೆಯುವ ಗುಂಪಿಗೆ ಸೇರಿದ್ದು. ತುಂತುರು, ಜಲಪಾತದಿಂದ ಸಿಡಿಯುವ ಹನಿ, ಬೋಟಿನಲ್ಲಿ ಕೂತಾಗ ಮುಖಕ್ಕೆ ಹಾರುವ ನೀರು, ಜೀಪಿನ ಧೂಳು, ಇಷ್ಟಕ್ಕೆ ಸೈ. ಹೊಳೆಗೆ ಬಿದ್ದರೆ ಮುಗಿಯಿತು. ನೀರಿಗಿಳಿಯುವುದಕ್ಕೆಂದೇ ಹುಟ್ಟಿದ ಕ್ಯಾಮೆರಾಗಳು ಬೇರೆ ಇವೆ. ಸಮುದ್ರ ಶೋಧಕ ಜಾಕ್ ಕೂಸ್ಟೋ ಅವರಿಗಾಗಿ ತಯಾರಾದ ಕ್ಯಾಲಿಪ್ಸೋ ಕ್ಯಾಮೆರಾವೇ ಮುಂದೆ 1963ರಲ್ಲಿ ನಿಕಾನೋಸ್ ಆಯಿತು. ಇನ್ನೊಂದು ಬಗೆಯ ಗಟ್ಟಿ ಕ್ಯಾಮೆರಾ ನನಗೆ ಬಹಳ ಇಷ್ಟ, ಕೋನಿಕಾದ 'ಗೆನ್ಬಾ ಕಾಂತೋಕು'. ಜಪಾನಿ ಭಾಷೆಯಲ್ಲಿ ಅದರ ಅರ್ಥ ಕೆಲಸದ ಜಾಗದ ಮೇಲ್ವಿಚಾರಕ. ನಮ್ಮಲ್ಲಾದರೆ 'ಮೇಸ್ತ್ರಿ' ಎಂದು ಹೆಸರಿಡುತ್ತಿದ್ದರೇನೋ. ಕಟ್ಟಡ ಕಟ್ಟುವ ಜಾಗದಲ್ಲಿ, ಸಿಮೆಂಟು ಮಣ್ಣಿನ ಮಧ್ಯೆ, ಕೈಗವಸು ಹಾಕಿಕೊಂಡೇ ಕೆಲಸದ ಫೋಟೋ ತೆಗೆಯಲು ಮಾಡಿದ ದಪ್ಪ ಕ್ಯಾಮೆರಾ. ಗಟ್ಟಿ ಗಿರಾಕಿ. ಆದರೆ ಅಂಗಿ ಜೇಬಿಗೆ ಹೋಗುವುದಿಲ್ಲ.

ಮ್ಯೂ ಒಳಗೆ ನೀರು ತಡೆಯುವುದು ಏನು? ಬಾಗಿಲು, ಬಟನ್ನುಗಳ ಸುತ್ತ ಇರುವ ತೆಳ್ಳನೆಯ ರಬ್ಬರು ಮತ್ತು ಫೋಮು. ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಹೊಸದಾಗಿದ್ದಾಗ ಮೆತ್ತಗೆ, ಬಿಗಿಯಾಗಿ ಕೂರುತ್ತದೆ. ಐದಾರು ವರ್ಷಕ್ಕೆ ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾಗಿ ಪಕ್ಕದಿಂದ ಹಬೆ ಬಿಡುವುದಿಲ್ಲವೇ? ನಿಮ್ಮ ಕೈಯಲ್ಲಿರುವ ಕ್ಯಾಮೆರಾಕ್ಕೆ ಇಪ್ಪತ್ತು ವರ್ಷ ಮೇಲಾಗಿದೆ. ಡಬ್ಬದ ಮೇಲೆ ಏನೇ ಬರೆದಿರಲಿ, ಅದು ಹುಟ್ಟಿದ ದಿನದ ಮಾತು. ಹಾಗಾಗಿ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ: ಕನ್ನಡಕ ಹಾಕಿಕೊಂಡು ನಡೆಯಬಹುದಾದಷ್ಟು ಮಳೆಯಾದರೆ ಕ್ಯಾಮೆರಾ ಹೊರಗೆ. ಕನ್ನಡಕ ತೆಗೆಯಬೇಕು ಅನ್ನಿಸಿದರೆ ಕ್ಯಾಮೆರಾ ಒಳಗೆ.

ಎಷ್ಟೇ ಬಿಗಿಯಾದ ಕ್ಯಾಮೆರಾ ಆದರೂ ಒಂದು ಕ್ಷಣ ಪೂರ್ತಿ ಬೆತ್ತಲೆ ಇರುತ್ತದೆ. ರೀಲು ಬದಲಿಸುವಾಗ. ಆಗುಂಬೆಯ ಬಸ್ ಸ್ಟಾಂಡಿನ ಸೂರಿನಡಿ ನಿಂತು ಹಿಂದಿನ ಬಾಗಿಲು ತೆಗೆದಿದ್ದೆ. ಮಳೆ ಬೀಳುತ್ತಿರಲಿಲ್ಲ. ನನ್ನ ತಲೆಗೂದಲಿನಿಂದ ಒಂದು ಹನಿ ಜಾರಿ ಸೀದಾ ರೀಲು ಓಡುವ ಜಾಗಕ್ಕೆ ಬಿತ್ತು. ಕರವಸ್ತ್ರದ ತುದಿಯಿಂದ ಒರೆಸಿದೆ, ಏನೂ ಆಗಲಿಲ್ಲ, ಆದರೆ ಆ ರೀಲಿನ ಮೊದಲ ನಾಲ್ಕು ಚಿತ್ರಗಳ ಮೇಲೆ ಉದ್ದಕ್ಕೂ ಒಂದು ಗೀರು. ಕರವಸ್ತ್ರದ ಮರಳು ಕಣ. ಈಗ ಮೊದಲು ತಲೆ ಒರೆಸಿಕೊಳ್ಳುತ್ತೇನೆ, ಆಮೇಲೆ ಬಾಗಿಲು.

ಇನ್ನೊಂದು ಶತ್ರು ಎಸಿ. ಎಸಿ ಕಾರಿನಲ್ಲಿ ಎರಡು ಗಂಟೆ ಇದ್ದ ಕ್ಯಾಮೆರಾವನ್ನು ಕುಂದಾಪುರದ ಸೆಕೆಗೆ ಇಳಿಸಿ ನೋಡಿ. ತಣ್ಣನೆ ಲೋಟದ ಹೊರಗೆ ಹನಿ ಕಟ್ಟುವ ಹಾಗೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ರಬ್ಬರು ಇದನ್ನು ತಡೆಯುವುದಿಲ್ಲ, ಏಕೆಂದರೆ ತೇವ ಇರುವುದು ಗಾಳಿಯಲ್ಲೇ. ಇಳಿಯುವ ಮೊದಲೇ ಕ್ಯಾಮೆರಾವನ್ನು ಬ್ಯಾಗಿನಲ್ಲಿ, ಬಟ್ಟೆಯ ಮಧ್ಯೆ ಇಟ್ಟು, ಇಳಿದ ಮೇಲೂ ಕಾಲು ಗಂಟೆ ಹಾಗೇ ಬಿಡಿ. ಹೊರಗಿನ ಬಿಸಿಗೆ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ಸಮುದ್ರದ ನೀರು ಹಾರಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ. ಸುಮ್ನೆ ಒಣಗಲು ಬಿಟ್ಟರೆ ಉಪ್ಪು ಉಳಿದುಕೊಂಡು ಮುಚ್ಚಳ ಜಾರುವಾಗ ಕರಕರ ಅನ್ನುತ್ತದೆ.

ಫ್ಲ್ಯಾಶಿನ ಹಟ

ಈಗ ಜೋಗದ ಬಿಳಿ ಉಂಡೆಗಳಿಗೆ ಬರೋಣ.

ಮುಚ್ಚಳ ತೆರೆದ ಕೂಡಲೇ ಮ್ಯೂ-2 ಆಟೋ ಫ್ಲ್ಯಾಶಿಗೆ ಬರುತ್ತದೆ. ನಿನ್ನೆ ನೀವು ಏನು ಹೇಳಿದ್ದಿರಿ ಎಂದು ಅದಕ್ಕೆ ನೆನಪಿಲ್ಲ. ಮುಚ್ಚಿದರೆ ಮರೆತುಬಿಡುತ್ತದೆ. ಬೆಳಕು ಸಾಲದು ಅನ್ನಿಸಿದರೆ ಫ್ಲ್ಯಾಶ್ ಹೊಡೆಯುತ್ತದೆ, ಹಿಂದಿನಿಂದ ಬೆಳಕು ಜಾಸ್ತಿ ಇದೆ ಅನ್ನಿಸಿದರೂ ಹೊಡೆಯುತ್ತದೆ. ಜುಲೈ ಸಂಜೆ ನಾಲ್ಕಕ್ಕೆ ಜೋಗದಲ್ಲಿ ಎಷ್ಟು ಕತ್ತಲೆ ಇರುತ್ತದೆ ಎನ್ನುವುದು ಹೋದವರಿಗೆ ಗೊತ್ತು.

ಫ್ಲ್ಯಾಶಿನ ಬೆಳಕು ದೂರ ಹೋದಂತೆ ಬಹಳ ಬೇಗ ಸೊರಗುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲು. ದೂರ ಹತ್ತರಷ್ಟಾದರೆ ನೂರನೇ ಒಂದು ಪಾಲು. ಚಿಕ್ಕಮ್ಮ ನಿಂತಿದ್ದದ್ದು ಮೂರು ಮೀಟರ್ ದೂರದಲ್ಲಿ. ಲೆನ್ಸಿನಿಂದ ಒಂದಡಿ ದೂರದಲ್ಲಿ ಬೀಳುತ್ತಿದ್ದ ಮಳೆ ಹನಿಗೆ, ಅಂದರೆ ಸುಮಾರು 30 ಸೆಂಟಿಮೀಟರ್‌ನಲ್ಲಿದ್ದ ಹನಿಗೆ, ಚಿಕ್ಕಮ್ಮನ ಮುಖಕ್ಕಿಂತ ನೂರು ಪಟ್ಟು ಬೆಳಕು ಬಿದ್ದಿದೆ. ಹನಿ ಬೆಳ್ಳಗೆ ಹೊಳೆಯಿತು. ಫೋಕಸ್ ಇದ್ದದ್ದು ಚಿಕ್ಕಮ್ಮನ ಮೇಲೆ, ಹಾಗಾಗಿ ಹನಿ ಹರಡಿಕೊಂಡು ಉಂಡೆಯಾಯಿತು. ಜೋಗವೋ, ಅಷ್ಟು ದೂರದ 253 ಮೀಟರ್ ಎತ್ತರದ ಜಲಪಾತ. ಈ ಫ್ಲ್ಯಾಶಿನ ತಾಕತ್ತು 400ರ ರೀಲು ಹಾಕಿದರೂ (ಈ ಅಂಕಿ ಹೆಚ್ಚಿದಷ್ಟೂ ರೀಲಿಗೆ ಕಡಿಮೆ ಬೆಳಕು ಸಾಕು) ಸುಮಾರು 8 ಮೀಟರ್. 100ರ ರೀಲಾದರೆ ಅದರ ಅರ್ಧ. ಚಿಕ್ಕಮ್ಮನಿಗೆ ಬೆಳಕು ಬಿದ್ದ ಮೇಲೆ ಸಾಕು ಎಂದು ಕ್ಯಾಮೆರಾ ಕೈತೊಳೆದುಕೊಂಡಿದೆ. ಹಿಂದಿನದ್ದೆಲ್ಲ ಬೂದು.

ಪರಿಹಾರ ಒಂದೇ. ಮುಚ್ಚಳ ತೆರೆದ ಕೂಡಲೇ ಹಿಂದಿರುವ ಫ್ಲ್ಯಾಶ್ ಬಟನ್ನನ್ನು ಎರಡು ಸಲ ಒತ್ತುವುದು. ಮೊದಲ ಸಲಕ್ಕೆ ಕೆಂಗಣ್ಣು ತಪ್ಪಿಸುವ ಫ್ಲ್ಯಾಶ್, ಎರಡನೇ ಸಲಕ್ಕೆ ಫ್ಲ್ಯಾಶ್ ಬಂದ್. ಪ್ರತಿ ಸಲವೂ ಒತ್ತಬೇಕು. ಬೇಜಾರಿನ ಕೆಲಸ, ನಿಜ. ಈ ಕ್ಯಾಮೆರಾ ಮಾಡಿದವರು ಇದೊಂದನ್ನು ನೆನಪಿಟ್ಟುಕೊಳ್ಳುವ ಬುದ್ಧಿ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ ಗೊತ್ತಿಲ್ಲ. ಈಗ ನನ್ನ ಕೈ ತಾನಾಗಿಯೇ ಮಾಡುತ್ತದೆ: ಜಾರಿಸು, ಟಿಕ್, ಟಿಕ್.

ಹಾಗಂತ ಫ್ಲ್ಯಾಶನ್ನು ಪೂರ್ತಿ ಬೈಯಬೇಡಿ. ಮಟಮಟ ಮಧ್ಯಾಹ್ನ ಟೋಪಿ ಹಾಕಿದವರ ಮುಖ ಕಪ್ಪಾಗುತ್ತದಲ್ಲ, ಅಲ್ಲಿ ಬಲವಂತದ ಫ್ಲ್ಯಾಶ್ ಹಾಕಿದರೆ ಕಣ್ಣಿಗೆ ಬೆಳಕು ಬರುತ್ತದೆ. ಇನ್ನೊಂದು ರಾತ್ರಿ ದೃಶ್ಯದ ಆಯ್ಕೆ ಇದೆ. ಅದರಲ್ಲಿ ಕ್ಯಾಮೆರಾ ಹತ್ತಿರದವರಿಗೆ ಫ್ಲ್ಯಾಶ್ ಹೊಡೆದು, ಆಮೇಲೂ ಶಟರ್ ತೆರೆದಿಟ್ಟುಕೊಂಡು ಹಿಂದಿನ ದೀಪಗಳನ್ನು ಹಿಡಿಯುತ್ತದೆ. ಜಾತ್ರೆಯ ರಾತ್ರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮುಂದೆ ಬತ್ತಾಸು ತಿನ್ನುತ್ತಿರುವ ಹುಡುಗಿಯ ಮುಖ ಸ್ಪಷ್ಟ, ಹಿಂದೆ ತೊಟ್ಟಿಲು ತಿರುಗುವ ದೀಪಗಳು ಗೆರೆ ಗೆರೆ.

ಮೈಸೂರು ಅರಮನೆಯ ದಸರಾ ದೀಪಕ್ಕೆ ಮಾತ್ರ ಫ್ಲ್ಯಾಶ್ ಬಂದ್ ಮಾಡಲೇಬೇಕು. ಸುಮಾರು ಒಂದು ಲಕ್ಷ ಬಲ್ಬು ಉರಿಯುತ್ತಿರುವಾಗ ನಿಮ್ಮ ಪುಟಾಣಿ ಫ್ಲ್ಯಾಶ್ ಮುಂದೆ ನಿಂತವರ ತಲೆಗೂದಲನ್ನಷ್ಟೇ ಬೆಳಗುತ್ತದೆ. ಕ್ಯಾಮೆರಾವನ್ನು ಯಾವುದಾದರೂ ಕಟ್ಟೆಯ ಮೇಲಿಟ್ಟು, ಸೆಲ್ಫ್ ಟೈಮರ್ ಹಾಕಿ ಕೈ ತೆಗೆಯಿರಿ. ಸುಮಾರು 12 ಸೆಕೆಂಡು ಬಿಟ್ಟು ತಾನೇ ತೆಗೆಯುತ್ತದೆ, ಬಟನ್ ಒತ್ತುವ ಅಲುಗಾಟವೂ ಇರುವುದಿಲ್ಲ.

ಬೆಳಕಿನ ಮೆಟ್ಟಿಲು

'ಯಾವ ರೀಲು ಹಾಕಲಿ?' ಎಂದು ಕೇಳಿದವರಿಗೆಲ್ಲ ನಾನು 400 ಅನ್ನುತ್ತೇನೆ. ಅಭ್ಯಾಸಬಲದ ಮಾತಲ್ಲ, ಅದಕ್ಕೊಂದು ಲೆಕ್ಕ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಳಕನ್ನು ಒಂದು ಮೆಟ್ಟಿಲ ಸಾಲು ಅಂದುಕೊಳ್ಳಿ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಬೆಳಕು ಎರಡರಷ್ಟಾಗುತ್ತದೆ. ಮ್ಯೂ-2 ಸಂಭಾಳಿಸುವುದು 1ನೇ ಮೆಟ್ಟಿಲಿನಿಂದ 17ನೇ ಮೆಟ್ಟಿಲಿನವರೆಗೆ. ಒಂದರಲ್ಲಿ ಲೆನ್ಸಿನ ಕಿಂಡಿ ಪೂರ್ತಿ ತೆರೆದು, ಅಂದರೆ ಎಫ್ 2.8ರಲ್ಲಿ, ಶಟರ್ ನಾಲ್ಕು ಸೆಕೆಂಡು ತೆರೆದಿರುತ್ತದೆ. ಹದಿನೇಳರಲ್ಲಿ ಕಿಂಡಿ ಎಫ್ 11ಕ್ಕೆ ಸಣ್ಣದಾಗಿ, ಶಟರ್ ಸೆಕೆಂಡಿನ 1000ನೇ ಒಂದು ಭಾಗ ಮಾತ್ರ ತೆರೆಯುತ್ತದೆ. ಅದರಾಚೆಗೂ ಈಚೆಗೂ ಅದರ ಕೈಲಿ ಆಗುವುದಿಲ್ಲ.

100ರ ರೀಲು ಹಾಕಿದಾಗ ನೆತ್ತಿ ಸುಡುವ ಬಿಸಿಲು 15ನೇ ಮೆಟ್ಟಿಲು. ರಾತ್ರಿ ಟ್ಯೂಬ್‌ಲೈಟ್ ಹಾಕಿದ ನಡುಮನೆ ಸುಮಾರು 6. ರೀಲು 200 ಆದರೆ ಎಲ್ಲವೂ ಒಂದು ಮೆಟ್ಟಿಲು ಮೇಲೆ, 400 ಆದರೆ ಎರಡು ಮೆಟ್ಟಿಲು ಮೇಲೆ ಹೋಗುತ್ತವೆ. ಅಂದರೆ 400ರಲ್ಲಿ ಬಿಸಿಲು ಸರಿಯಾಗಿ 17, ಕ್ಯಾಮೆರಾದ ಕೊನೆಯ ಮೆಟ್ಟಿಲು. ನಡುಮನೆ 8. ಎಂಟರಲ್ಲಿ ಕಿಂಡಿ ಪೂರ್ತಿ ತೆರೆದರೆ ಶಟರ್ ಸೆಕೆಂಡಿನ 30ನೇ ಒಂದು ಭಾಗ. ಉಸಿರು ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ಕೈಯಲ್ಲೇ ಅಲುಗದೆ ತೆಗೆಯಬಹುದಾದ ಕೊನೆಯ ವೇಗ ಸುಮಾರು ಅದೇ. 200ರ ರೀಲಾದರೆ 15ನೇ ಒಂದು ಭಾಗ. ಅಜ್ಜ ಎಲೆಗೆ ಸುಣ್ಣ ಹಚ್ಚುವ ಕೈ ಮಸುಕಾಗುತ್ತದೆ. 400 ಹಾಕಿದರೆ ಒಂದೇ ರೀಲಿನಲ್ಲಿ ಬೆಳಗಿನ ಗದ್ದೆಯೂ ರಾತ್ರಿಯ ಊಟದ ಪಂಕ್ತಿಯೂ ಬರುತ್ತವೆ.

ಇನ್ನು 800 ಹಾಕಿದರೆ? ಬಿಸಿಲಿನಲ್ಲಿ ಒಂದು ಮೆಟ್ಟಿಲು ಜಾಸ್ತಿ ಬೆಳಕು ಬೀಳುತ್ತದೆ. ಭಯ ಬೇಡ. ಕಲರ್ ನೆಗೆಟಿವ್ ರೀಲು ಜಾಸ್ತಿ ಬೆಳಕನ್ನು ಸಹಿಸಿಕೊಳ್ಳುತ್ತದೆ, ಕಡಿಮೆ ಬೆಳಕನ್ನು ಸಹಿಸಿಕೊಳ್ಳುವುದಿಲ್ಲ. ಡಿಜಿಟಲ್‌ಗೆ ಇದು ತಿರುಗುಮುರುಗು. ಮೊಬೈಲಿನಲ್ಲಿ ಆಕಾಶ ಒಮ್ಮೆ ಬೆಳ್ಳಗಾದರೆ ಮತ್ತೆ ಸಿಗುವುದಿಲ್ಲ, ರೀಲಿನಲ್ಲಿ ನೆರಳು ಒಮ್ಮೆ ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಅನುಮಾನ ಬಂದರೆ ಬೆಳಕಿನ ಕಡೆಗೇ ಓಟು ಹಾಕಿ. ನೆಗೆಟಿವ್ ಬದಲು ನೇರ ಬಣ್ಣದ ಚಿತ್ರವೇ ಮೂಡುವ ಸ್ಲೈಡ್ ರೀಲಿಗೆ ಮಾತ್ರ ಈ ಸಲಿಗೆ ಇಲ್ಲ.

ರೀಲು 400 ಎಂದು ಕ್ಯಾಮೆರಾಕ್ಕೆ ಗೊತ್ತಾಗುವುದು ಹೇಗೆ ಗೊತ್ತಾ? ರೀಲಿನ ಡಬ್ಬಿಯ ಮೈಮೇಲೆ ಕಪ್ಪು-ಬೆಳ್ಳಿ ಚೌಕಗಳಿರುತ್ತವೆ, ಎರಡು ಸಾಲು, ಸಾಲಿಗೆ ಆರು. ಬೆಳ್ಳಿ ಚೌಕದಲ್ಲಿ ಕರೆಂಟು ಹರಿಯುತ್ತದೆ, ಕಪ್ಪಿನಲ್ಲಿ ಇಲ್ಲ. ಕ್ಯಾಮೆರಾದ ಒಳಗಿನ ಸಣ್ಣ ಲೋಹದ ಮೊನೆಗಳು ಅದನ್ನು ಮುಟ್ಟಿ ಓದುತ್ತವೆ. ಇದಕ್ಕೆ ಡಿಎಕ್ಸ್ ಕೋಡ್ ಎನ್ನುತ್ತಾರೆ. ಕೊಡಾಕ್ 1983ರಲ್ಲಿ ತಂದದ್ದು. ಚೌಕಗಳಿಲ್ಲದ ಡಬ್ಬಿ ಹಾಕಿದರೆ ಮ್ಯೂ-2 ಅದನ್ನು 100 ಎಂದುಕೊಳ್ಳುತ್ತದೆ. ಉದ್ದದ ರೀಲು ತಂದು ಖಾಲಿ ಡಬ್ಬಿಗೆ ತುಂಬಿ ಮಾರುವವರ ಹತ್ತಿರ ಕೊಳ್ಳುವಾಗ ಡಬ್ಬಿಯ ಮೈ ನೋಡಿ. 400ರ ಕಪ್ಪು-ಬಿಳುಪು ರೀಲು 200ರ ಹಳೇ ಡಬ್ಬಿಯೊಳಗೆ ಕೂತಿರಬಹುದು. ಹಾಗಿದ್ದರೂ ಒಂದು ಮೆಟ್ಟಿಲು ಬೆಳಕು ಜಾಸ್ತಿ, ಅಷ್ಟೇ.

ಬೆಳಕಿನ ವಿಷಯದಲ್ಲಿ ಕ್ಯಾಮೆರಾ ಏಮಾರುವ ಒಂದು ಜಾಗ ಇದೆ. ಅದು ಜಗತ್ತೆಲ್ಲ ನಡುವಿನ ಬೂದು ಬಣ್ಣದ್ದು ಎಂದು ನಂಬಿದೆ. ಕೊಡಗಿನ ಮಂಜು, ಗೋಕರ್ಣದ ಬಿಸಿಲಿನ ಮರಳು, ಬಿಳಿ ಸುಣ್ಣದ ಗೋಡೆ, ಇಂಥದ್ದೆಲ್ಲ ಎದುರಿಗಿದ್ದರೆ 'ಅಯ್ಯೋ ಬೆಳಕು ಜಾಸ್ತಿಯಾಯಿತು' ಎಂದು ಕಡಿಮೆ ಮಾಡುತ್ತದೆ. ಮಂಜು ಕೊಳೆ ನೀರಿನ ಬಣ್ಣಕ್ಕೆ ತಿರುಗುತ್ತದೆ. ಬೆಳಕನ್ನು ಏರಿಸಿ ಇಳಿಸುವ ಗುಂಡಿ ಇದರಲ್ಲಿಲ್ಲ. ಇರುವುದು ಒಂದೇ ಗುಟ್ಟಿನ ದಾರಿ: ಫ್ಲ್ಯಾಶ್ ಬಟನ್ ಮತ್ತು ಸೆಲ್ಫ್ ಟೈಮರ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೆ ಸ್ಪಾಟ್ ಮೋಡ್ ಬರುತ್ತದೆ. ಆಗ ಅದು ನಡುವಿನ ಸಣ್ಣ ಜಾಗವನ್ನು ಮಾತ್ರ ಅಳೆಯುತ್ತದೆ. ಮಂಜಿನಲ್ಲಿ ನಿಂತವರ ಮುಖವನ್ನೋ, ಒದ್ದೆ ಮರದ ಕಾಂಡವನ್ನೋ ನಡುವಿಗೆ ತಂದು ತೆಗೆಯಿರಿ. ಮಂಜು ಮಂಜಿನಂತೆಯೇ ಬರುತ್ತದೆ. ಮುಚ್ಚಳ ಮುಚ್ಚಿದರೆ ಇದೂ ಮರೆತುಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಕಾಣದ ಕಿರಣ, ಬಸ್ಸಿನ ಗಾಜು

ಫೋಕಸ್ ಮಾಡಲು ಈ ಕ್ಯಾಮೆರಾ ನೋಡುವುದಿಲ್ಲ, ಮುಟ್ಟಿ ನೋಡುತ್ತದೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣಗಳನ್ನು ಬಿಟ್ಟು, ಅವು ಎದುರಿನ ವಸ್ತುವಿಗೆ ತಾಗಿ ಯಾವ ಕೋನದಲ್ಲಿ ವಾಪಸ್ ಬಂದವು ಎನ್ನುವುದರಿಂದ ದೂರ ಅಳೆಯುತ್ತದೆ. ಹಾಗಾಗಿ ಕಗ್ಗತ್ತಲಲ್ಲೂ ಫೋಕಸ್ ಮಾಡುತ್ತದೆ. ದೊಡ್ಡ ದೊಡ್ಡ ಕ್ಯಾಮೆರಾಗಳು ತಡಕಾಡುವ ಕಡೆ ಇದು ಸಲೀಸು.

ಸೋಲುವುದು ಗಾಜಿನ ಮುಂದೆ. ಕೆಂಪು ಬಸ್ಸಿನ ಕಿಟಕಿ ಗಾಜಿಗೆ ಕ್ಯಾಮೆರಾ ಒಡ್ಡಿ ಹೊರಗಿನ ಅಡಿಕೆ ತೋಟ ತೆಗೆಯಲು ಹೋದಿರೋ, ಕಿರಣ ಗಾಜಿಗೋ ಅದರ ಮೇಲಿನ ಧೂಳಿಗೋ ತಾಗಿ ವಾಪಸ್ ಬಂದುಬಿಡಬಹುದು. ಗಾಜಿನ ಮೇಲಿನ ಕೆಸರು ಸ್ಪಷ್ಟ, ತೋಟ ಮಸುಕು. ಗಾಜು ಸರಿಸಿ ತೆಗೆಯಿರಿ, ಇಲ್ಲವೇ ಸುಮ್ಮನಿರಿ. ತೀರಾ ಕಪ್ಪಾದ ವಸ್ತುವೂ ಕಷ್ಟವೇ. ಕಪ್ಪು ಕೋಟು, ಎಮ್ಮೆ, ಹಳೆಯ ಕೊಡೆ, ಇವು ಕಿರಣವನ್ನು ನುಂಗಿಕೊಳ್ಳುತ್ತವೆ. ಎಮ್ಮೆಯ ಫೋಟೋ ಬೇಕಾದರೆ ಅಷ್ಟೇ ದೂರದಲ್ಲಿರುವ ಹುಲ್ಲಿನ ಮೇಲೆ ಬಟನ್ ಅರ್ಧ ಒತ್ತಿ, ಕಣ್ಣಿನ ಪಕ್ಕದ ಹಸಿರು ದೀಪ ಹತ್ತಿದ ಮೇಲೆ, ಬೆರಳು ಎತ್ತದೆ ಎಮ್ಮೆಯ ಕಡೆ ತಿರುಗಿಸಿ ಪೂರ್ತಿ ಒತ್ತಿ. ಹಸಿರು ದೀಪ ಮಿಣಮಿಣ ಅಂದರೆ ತೀರಾ ಹತ್ತಿರ ಹೋಗಿದ್ದೀರಿ. 35 ಸೆಂಟಿಮೀಟರ್‌ಗಿಂತ ಹತ್ತಿರ ಇದರ ಕೈಲಿ ಆಗದು.

ಮಳೆಯಲ್ಲಿ ಇನ್ನೊಂದು: ಕಿರಣ ಹೊರಡುವ ಪುಟ್ಟ ಕಿಟಕಿ ಕ್ಯಾಮೆರಾದ ಮುಂಭಾಗದಲ್ಲೇ ಇದೆ. ಅದರ ಮೇಲೆ ಒಂದು ಹನಿ ಕೂತರೆ ಅಳತೆಯೆಲ್ಲ ಗೋವಿಂದ. ನೀವು ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ, ಆದ್ದರಿಂದ ಲೆನ್ಸಿನ ಮೇಲೆ ಹನಿ ಇದ್ದರೂ ನಿಮಗೆ ಕಾಣುವುದಿಲ್ಲ. ಬೆರಳು ಅಡ್ಡ ಬಂದರೂ ಕಾಣುವುದಿಲ್ಲ. ತೆಗೆಯುವ ಮೊದಲು ಒಮ್ಮೆ ಕ್ಯಾಮೆರಾದ ಮುಖ ತಿರುಗಿಸಿ ನೋಡಿ ಬಿಡಿ.

ರೀಲಿನ ಕಥೆ

ರೀಲ್ಸ್ ಅಲ್ಲ, ರೀಲು. ಬಿಡುವ ರೀಲೂ ಅಲ್ಲ.

ಒಂದು ಕಾಲಕ್ಕೆ ನಮ್ಮ ಪಕ್ಕದ ಊಟಿಯಲ್ಲೇ ರೀಲು ತಯಾರಾಗುತ್ತಿತ್ತು. 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನ ಕಪ್ಪು-ಬಿಳುಪು ರೀಲು ಮಾಡುತ್ತಿತ್ತು. ಈಗ ಆ ಕಾರ್ಖಾನೆ ಇಲ್ಲ, ಸಿಗುವುದೆಲ್ಲ ಹೊರದೇಶದ್ದು. ಒಂದು ಕಲರ್ ರೀಲು, ತೊಳೆಸೋದು, ಸ್ಕ್ಯಾನು ಎಲ್ಲ ಸೇರಿದರೆ ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. 36ರಿಂದ ಭಾಗಿಸಿ ನೋಡಿ. ಒಂದು ಸಲ ಬಟನ್ ಒತ್ತಿದರೆ ದರ್ಶಿನಿಯ ಒಂದು ಕಾಫಿಯ ದುಡ್ಡು ಹೋಯಿತು.

ಅಷ್ಟು ಕೊಟ್ಟ ಮೇಲೆ ಅದನ್ನು ಕಾಪಾಡಬೇಕಲ್ಲ. ರೀಲಿಗೆ ಬಿಸಿ ಆಗದು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕೆ ಬಾಣಲೆ. ಮನೆಯಲ್ಲಿ ಫ್ರಿಜ್ಜಿನಲ್ಲಿಡಿ, ಬಳಸುವ ಮೂರ್ನಾಲ್ಕು ಗಂಟೆ ಮೊದಲು ಹೊರಗಿನ ಪ್ಲಾಸ್ಟಿಕ್ ಡಬ್ಬಿ ತೆರೆಯದೆ ಹೊರಗಿಡಿ. ಇಲ್ಲವಾದರೆ ಅದೇ ತಣ್ಣನೆ ಲೋಟದ ಕಥೆ. ಮುಗಿದ ರೀಲನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಮರೆಯಬೇಡಿ. ಬೆಳಕು ಬಿದ್ದ ಚಿತ್ರ ತೊಳೆಯುವವರೆಗೆ ಕಣ್ಣಿಗೆ ಕಾಣದ ರಾಸಾಯನಿಕ ಗುರುತಷ್ಟೇ. ಸೆಕೆ ಮತ್ತು ತೇವಕ್ಕೆ ಅದು ನಿಧಾನವಾಗಿ ಮಾಸುತ್ತದೆ. ಮಲೆನಾಡು, ಕರಾವಳಿಯವರಿಗೆ ಇದು ಇನ್ನೂ ಬೇಗ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯಬೇಡಿ. ಗಾಳಿಯಾಡದ ಡಬ್ಬದಲ್ಲಿ ಕ್ಯಾಮೆರಾ ಜೊತೆ ಹಾಕಿಡಿ. ಲೆನ್ಸಿಗೆ ಬೂಷ್ಟು ಹಿಡಿಯುವುದನ್ನೂ ಅದು ತಡೆಯುತ್ತದೆ.

ವಿಮಾನದಲ್ಲಿ ಹೋಗುವವರು ರೀಲನ್ನು ಚೆಕ್-ಇನ್ ಬ್ಯಾಗಿಗೆ ಖಂಡಿತ ಹಾಕಬೇಡಿ. ಅಲ್ಲಿನ ಎಕ್ಸ್‌ರೇ ಜೋರು. ಕೈಚೀಲ ನೋಡುವ ಹಳೆಯ ಯಂತ್ರಕ್ಕೆ 400ರ ರೀಲು ಒಂದೆರಡು ಸಲ ಹೋದರೆ ಏನೂ ಆಗುವುದಿಲ್ಲ. ಆದರೆ ಈಗ ಬರುತ್ತಿರುವ ಸಿಟಿ ಸ್ಕ್ಯಾನ್ ಯಂತ್ರಗಳು ಒಂದೇ ಸಲಕ್ಕೆ ರೀಲನ್ನು ಮಸುಕು ಮಾಡಬಹುದು ಎಂದು ಕೊಡಾಕ್ ಕಂಪನಿಯೇ ಎಚ್ಚರಿಸಿದೆ. ರೀಲುಗಳನ್ನೆಲ್ಲ ಹೊರಗಿನ ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಪಾರದರ್ಶಕ ಕವರಿಗೆ ಹಾಕಿ, ಕೈಯಲ್ಲಿ ಹಿಡಿದು, 'ಸಾರ್, ಇದು ಫೋಟೋ ರೀಲು, ಕೈಯಲ್ಲೇ ನೋಡ್ತೀರಾ?' ಎಂದು ಕೇಳಿ. ಸಾಲು ಉದ್ದ ಇಲ್ಲದಾಗ ಕೇಳಿದರೆ ಒಪ್ಪುವುದು ಜಾಸ್ತಿ. ಕ್ಯಾಮೆರಾದಲ್ಲಿ ಅರ್ಧ ರೀಲು ಇದ್ದರೆ ತೊಂದರೆ, ಅದನ್ನು ಬಿಚ್ಚಿ ತೋರಿಸಲಾಗದು. ವಿಮಾನದ ದಿನಕ್ಕೆ ಮೊದಲೇ ಮುಗಿಸಿಕೊಳ್ಳುವುದು ವಾಸಿ.

ಕಲರ್ ರೀಲು ತೊಳೆಯುವುದು ಈಗಲೂ ಹಳೆಯ ಕ್ರಮದಲ್ಲೇ, ಅದರ ಹೆಸರು ಸಿ-41. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 37.8 ಡಿಗ್ರಿಯಲ್ಲಿರಬೇಕು, ಮೂರು ನಿಮಿಷ ಹದಿನೈದು ಸೆಕೆಂಡು. ಒಂದರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ಬದಲು. ಆದ್ದರಿಂದ ದಿನವೂ ರೀಲು ತೊಳೆಯುವ ಲ್ಯಾಬೇ ಒಳ್ಳೆಯದು. ತಿಂಗಳಿಗೊಂದು ಸಲ ರಾಸಾಯನಿಕ ಕದಡುವವರ ಹತ್ತಿರ ಹೋಗಬೇಡಿ. ಮತ್ತೆ ನೆಗೆಟಿವ್ ವಾಪಸ್ ಕೇಳಿ. ಸ್ಕ್ಯಾನ್ ಕಳಿಸಿದ್ದೇವಲ್ಲ ಎಂದು ಅದನ್ನು ಬಿಸಾಡುವವರಿದ್ದಾರೆ. ನನ್ನ ಒಂದು ರೀಲು ಹಾಗೆ ಹೋಗಿದೆ.

ಕೊಳ್ಳಬೇಕೇ?

ಹೇಳುವುದಾದರೆ, ಮ್ಯೂ-2ಕ್ಕೆ ಇವತ್ತು ಕೇಳುವ ಬೆಲೆ ಅದರ ಯೋಗ್ಯತೆಗೆ ಮೀರಿದ್ದು. ಲೆನ್ಸ್ ಚೆನ್ನಾಗಿದೆ, ನಾಲ್ಕೇ ಗಾಜಿನ 35 ಎಂಎಂ ಲೆನ್ಸ್‌ಗೆ ಅದ್ಭುತವೇ. ಆದರೆ ಇದು ಪೂರ್ತಿ ಎಲೆಕ್ಟ್ರಾನಿಕ್ಸ್. ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ಅಪ್ಪನ ಹಳೆಯ ಮೆಕ್ಯಾನಿಕಲ್ ಕ್ಯಾಮೆರಾವನ್ನು ಊರಿನ ರಿಪೇರಿಯವರು ಇವತ್ತೂ ಸರಿಮಾಡಿಕೊಟ್ಟಾರು. ಇದು ಸತ್ತರೆ ಸತ್ತಂತೆ. ಮೊದಲ ಮ್ಯೂ, 1991ರದ್ದು, ಎಫ್ 3.5 ಲೆನ್ಸಿನದ್ದು, ಬಹಳ ಕಡಿಮೆಗೆ ಸಿಗುತ್ತದೆ. ಬೆಳಕಿನಲ್ಲಿ ಕಳೆದುಕೊಳ್ಳುವುದು ಮುಕ್ಕಾಲು ಮೆಟ್ಟಿಲಿಗಿಂತ ಕಡಿಮೆ. ವರ್ಷಕ್ಕೆ ಒಂದೇ ಸಲ ಫಾಲ್ಸು, ಬೀಚು ಅನ್ನುವವರಿಗೆ ಕೊಡಾಕ್ ಸ್ಪೋರ್ಟ್ ಎಂಬ, ಒಮ್ಮೆ ಬಳಸಿ ಲ್ಯಾಬಿಗೇ ಕೊಟ್ಟುಬಿಡುವ ಕ್ಯಾಮೆರಾ ಸಾಕು. ಒಳಗೇ 800ರ ರೀಲು, 27 ಚಿತ್ರ, 15 ಮೀಟರ್ ಆಳದವರೆಗೂ ನೀರಿಗಿಳಿಯುತ್ತದೆ.

ಹಳೆಯದನ್ನೇ ಕೊಳ್ಳುವುದಾದರೆ ಒಂದು ಸಿಆರ್123ಎ ಬ್ಯಾಟರಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಬ್ಯಾಟರಿ ಇಲ್ಲ, ಆದರೆ ಚೆನ್ನಾಗಿದೆ ಅನ್ನುವ ಮಾತು ನಂಬಬೇಡಿ. ಹಾಕಿ, ಮುಚ್ಚಳ ಜಾರಿಸಿ, ಫ್ಲ್ಯಾಶ್ ಹೊಡೆಯಿರಿ. ಹಿಂದಿನ ಬಾಗಿಲು ತೆಗೆದು ಅಂಚಿನ ಫೋಮನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿ ಕಪ್ಪು ಹತ್ತಿದರೆ ಅದು ಕರಗುತ್ತಿದೆ, ಬೆಳಕೂ ಸೋರುತ್ತದೆ, ನೀರೂ ಸೋರುತ್ತದೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಲೆನ್ಸ್ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ನಗುತ್ತಾ ವಾಪಸ್ ಕೊಟ್ಟು ಬನ್ನಿ.

ಈ ವರ್ಷ ಮತ್ತೆ ಜೋಗಕ್ಕೆ ಹೋಗಿದ್ದೆವು. ಅದೇ ಕಟಾಂಜನ, ಅದೇ ಕೊಡೆ, ಚಿಕ್ಕಮ್ಮನ ಅದೇ 'ಬೇಗ ತೆಗಿಯೋ ಮಾರಾಯ'. ತಲೆ ಒರೆಸಿಕೊಂಡೆ. ಜಾರಿಸು, ಟಿಕ್, ಟಿಕ್. ಸ್ಪಾಟ್ ಹಾಕಿ ಚಿಕ್ಕಮ್ಮನ ಮುಖವನ್ನು ನಡುವಿಗೆ ತಂದು, ಕ್ಯಾಮೆರಾದ ಮುಖ ಒಮ್ಮೆ ನೋಡಿ, ಉಸಿರು ಹಿಡಿದು ಒತ್ತಿದೆ. ಮೊನ್ನೆ ಸ್ಕ್ಯಾನ್ ಬಂತು. ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಇವೆ, ಮಂಜು ಬೆಳ್ಳಗಿದೆ, ಒಂದೂ ಉಂಡೆ ಇಲ್ಲ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಾರೆ.